‘ಅಂವಾ ಎಲ್ಲೋ ಅಡಗಿ ಕುಂತಾನ’: ಬದುಕಿ ಬಂದವರ ಮಾತನ್ನು ನಾವು ಓದುವ ಬಗೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಮಾತುಗಳ ಬರಹರೂಪ. ಕೊನೆಯ ಭಾಗ ಚರ್ಚೆಯಲ್ಲಿ ಬಂದ ಪ್ರಶ್ನೆಗೆ ಕೊಟ್ಟ ಉತ್ತರ.)

ನನ್ನ ಧ್ವನಿ ಕೇಳಿಸ್ತಾ ಇದೆ ಅಂದ್ಕೊಂಡಿದ್ದೇನೆ. ನಾನು ಸಾಂಗಲಿಯ ವಿಶ್ರಾಮಬಾಗದಲ್ಲಿರುವ ನಮ್ಮ ಮನೆಯಿಂದ ಮಾತಾಡ್ತಾ ಇದ್ದೇನೆ. ರಂ.ಶ್ರೀ. ಮುಗಳಿ ಅವರು ಕನ್ನಡ ಕಲಿಸಿದ ವಿಲಿಂಗ್ಡನ್ ಕಾಲೇಜು ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ನಮ್ಮ ಓಣಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಹಾಗಾಗಿ ಯಾವುದೇ ಸುದ್ದಿ ಬಂದರೂ ಅದರ ಚರ್ಚೆ ನಮ್ಮಲ್ಲಿ ಎರಡು ಭಾಷೆಯಲ್ಲಿ ನಡೆಯುತ್ತದೆ. ಇವತ್ತಿನ ನನ್ನ ವಿಷಯ ಅಂಥ ಒಂದು ಚರ್ಚೆಯಿಂದಲೇ ಹುಟ್ಟಿದ್ದು.

2025ರ ಆಗಸ್ಟ್ 20ರಂದು ಪುಣೆ ಹತ್ತಿರದ ಸಿಂಹಗಡ ಕೋಟೆಗೆ ಗೆಳೆಯರ ಜೊತೆ ಹೋಗಿದ್ದ ಒಬ್ಬ ಯುವಕ ತಾನಾಜಿ ಕಡಾ ಹತ್ತಿರ ಕಾಣೆಯಾದ. ‘ಕಡಾ’ ಅಂದರೆ ಮರಾಠಿಯಲ್ಲಿ ಕಡಿದಾದ ಬಂಡೆ, ಪ್ರಪಾತದ ಅಂಚು. ಮಳೆಗಾಲ, ಮಂಜು, ಜಾರುವ ನೆಲ. ಹುಡುಕಾಟ ನಡೆದಿರುವಾಗಲೇ ಒಂದು ಸಿಸಿಟಿವಿ ತುಣುಕು ಎಲ್ಲರ ಫೋನಿಗೆ ಬಂತು. ಅದರಲ್ಲಿ ಒಬ್ಬ ವ್ಯಕ್ತಿ ಅವಸರದಲ್ಲಿ ದಾಟಿ ಹೋಗುತ್ತಿದ್ದ. ಅಷ್ಟು ಸಾಕಾಯಿತು. ನಮ್ಮ ಮನೆಯಲ್ಲಿ ಮಾವಶಿ ಟಿವಿ ನೋಡ್ತಾನೇ ತೀರ್ಪು ಕೊಟ್ಟರು: “ಅಂವಾ ಎಲ್ಲೋ ಅಡಗಿ ಕುಂತಾನ. ಇದೆಲ್ಲಾ ನಾಟಕ ಐತಿ.” ಮಾವಶಿಯ ಮೇಲೆ ತಪ್ಪು ಹೊರಿಸೋದು ಸುಲಭ. ಆದರೆ ಆ ತುಣುಕನ್ನು “ಇವನೇ ಇರಬೇಕು” ಅಂತ ಬರೆದು ಮೂರು ಗುಂಪುಗಳಿಗೆ ಕಳಿಸಿದ್ದು ನಾನು. ಆಗಸ್ಟ್ 24ರಂದು ಆ ಯುವಕ ಜೀವಂತ ಸಿಕ್ಕ. ಕಾಲು ಜಾರಿ ಬಿದ್ದೆ ಅಂತ ಅವನ ಹೇಳಿಕೆ ಬಂತು. ಅವನು ಆಸ್ಪತ್ರೆಯಲ್ಲಿದ್ದ ಹೊತ್ತಿಗೂ ಜನ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಐದು ದಿನ ಊಟ ಇಲ್ಲದೆ ಹೇಗೆ ಬದುಕಿದ?

ಈ ಪ್ರಶ್ನೆಗೆ ಉತ್ತರ ಕೊಟ್ಟವರು ಸಹ್ಯಾದ್ರಿಯ ಚಾರಣ ಮಾಡಿ ಗೊತ್ತಿರುವ ನಮ್ಮ ಕಾಕಾ: “ಊಟ ಬಿಡು, ಮಳೆಗಾಲದಾಗ ನೀರಿಗೇನು ಕಡಿಮಿ?” ಅವರ ಮಾತು ಸರಿ. ಮನುಷ್ಯ ಅನ್ನವಿಲ್ಲದೆ ವಾರಗಟ್ಟಲೆ ಬದುಕಬಲ್ಲ. ನೀರಿಲ್ಲದಿದ್ದರೆ ಮಾತ್ರ ಕೆಲವೇ ದಿನ. ಆಗಸ್ಟ್ ತಿಂಗಳ ಸಹ್ಯಾದ್ರಿಯಲ್ಲಿ ಬಂಡೆ ಬಂಡೆಯೂ ನೀರು ಜಿನುಗುತ್ತದೆ. ಅಲ್ಲಿನ ನಿಜವಾದ ಅಪಾಯ ಗಾಯ ಮತ್ತು ಥಂಡಿ. ಒದ್ದೆ ಬಟ್ಟೆ, ಗಾಳಿ, ರಾತ್ರಿ ಸೇರಿದರೆ ಮೈಯ ಶಾಖ ಇಳಿಯುತ್ತದೆ. ಇಳಿದಂತೆ ಬುದ್ಧಿ ಮಂಕಾಗುತ್ತದೆ, ದಿನದ ಲೆಕ್ಕ ತಪ್ಪುತ್ತದೆ. ಶಾಖ ತೀರಾ ಇಳಿದಾಗ ಕೆಲವರು ಸೆಕೆಯಾಗುತ್ತಿದೆ ಎಂಬ ಭ್ರಮೆಯಲ್ಲಿ ಬಟ್ಟೆ ಕಳಚುವುದೂ ಉಂಟು, ಇಕ್ಕಟ್ಟಾದ ಸಂದಿಯಲ್ಲಿ ತೂರಿಕೊಳ್ಳುವುದೂ ಉಂಟು. ಹೊರಗಿನಿಂದ ನೋಡಿದವರಿಗೆ ಇದು ‘ಅಡಗಿಕೊಂಡಿದ್ದ’ ಹಾಗೇ ಕಾಣುತ್ತದೆ.

ಅಂದರೆ ಈ ಘಟನೆ ನಂಬಲಾಗದ್ದೇನಲ್ಲ. ಹಾಗಿದ್ದರೂ ನಾವು ಯಾಕೆ ನಂಬಲಿಲ್ಲ? ಇದಕ್ಕೆ ಉತ್ತರ ಹುಡುಕಲು ನಾನು ಎರಡು ಬೇರೆ ಪ್ರಸಂಗಗಳನ್ನು ಇದರ ಪಕ್ಕದಲ್ಲಿ ಇಡುತ್ತೇನೆ. ಎರಡೂ ಕನ್ನಡಿಗರಿಗೆ ಗೊತ್ತಿರುವಂಥವು.

ಮೊದಲನೆಯದು ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರದು. ಧಾರವಾಡ ಜಿಲ್ಲೆಯ ಬೆಟದೂರಿನವರು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಮರುದಿನವೇ ದೇಶ ಸಂತಾಪ ಸೂಚಿಸಿತು. ಯಾರೂ ಬದುಕಿಲ್ಲ ಅಂತಲೇ ಎಲ್ಲರೂ ತಿಳಿದರು. ಫೆಬ್ರುವರಿ 8ರಂದು ಇಪ್ಪತ್ತೈದು ಅಡಿ ಹಿಮದ ಕೆಳಗೆ ಹನುಮಂತಪ್ಪ ಉಸಿರಾಡುತ್ತಾ ಸಿಕ್ಕರು. ಟೆಂಟಿನೊಳಗೆ ಗಾಳಿ ಉಳಿದುಕೊಂಡಿತ್ತು ಅನ್ನೋದು ಅದಕ್ಕೆ ಕೊಟ್ಟ ವಿವರಣೆ. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು.

ಗಮನಿಸಿ: ಲೆಕ್ಕ ಹಾಕಿದರೆ ಸಿಂಹಗಡದ ಐದು ದಿನಕ್ಕಿಂತ ಸಿಯಾಚಿನ್‌ನ ಆರು ದಿನ ಎಷ್ಟೋ ಪಾಲು ಅಸಾಧ್ಯದ್ದು. ಆದರೂ ಆಗ ಕೇಳಿಬಂದ ಪದ ‘ಪವಾಡ’. ‘ನಾಟಕ’ ಅಲ್ಲ. ಹೇಗೆ ಸಾಧ್ಯ ಎಂಬ ಅದೇ ಬೆರಗು ಒಬ್ಬರ ವಿಷಯದಲ್ಲಿ ಭಕ್ತಿಯಾಯಿತು, ಇನ್ನೊಬ್ಬರ ವಿಷಯದಲ್ಲಿ ಅಪವಾದವಾಯಿತು. ಸಮವಸ್ತ್ರ ಒಂದು ಕಾರಣ, ಹಿಮ ಅಗೆದು ತೆಗೆದ ಕೈಗಳೇ ಸಾಕ್ಷಿಯಾಗಿದ್ದದ್ದು ಇನ್ನೊಂದು. ಮೂರನೆಯ ಕಾರಣ ಹೇಳಲು ಸ್ವಲ್ಪ ಕಷ್ಟ ಆಗ್ತದೆ: ಹನುಮಂತಪ್ಪ ಅವರಿಗೆ ತಮ್ಮ ಕಥೆ ಹೇಳುವ ಅವಕಾಶವೇ ಸಿಗಲಿಲ್ಲ. ಹೇಳದ ಕಥೆಯಲ್ಲಿ ತಪ್ಪು ಹುಡುಕಲು ಆಗುವುದಿಲ್ಲ.

ಎರಡನೆಯದು ಒಂದು ಪುಸ್ತಕ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ‘ಮಹಾಪಲಾಯನ’ವನ್ನು ನಮ್ಮಲ್ಲಿ ಬಹಳ ಜನ ಹೈಸ್ಕೂಲಿನಲ್ಲೇ ಓದಿರುತ್ತೇವೆ. ಅದರ ಮೂಲ ಪೋಲೆಂಡಿನ ಸ್ಲಾವೊಮಿರ್ ರಾವಿಚ್ 1956ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಕೃತಿ. ಸೈಬೀರಿಯಾದ ಸೆರೆಶಿಬಿರದಿಂದ ತಪ್ಪಿಸಿಕೊಂಡು, ಗೋಬಿ ಮರುಭೂಮಿ ಮತ್ತು ಹಿಮಾಲಯ ದಾಟಿ, ಸುಮಾರು ನಾಲ್ಕು ಸಾವಿರ ಮೈಲಿ ನಡೆದು ಭಾರತ ತಲುಪಿದೆವು ಎಂಬ ವೃತ್ತಾಂತ ಅದು. ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟವರು ಪತ್ರಕರ್ತ ರೊನಾಲ್ಡ್ ಡೌನಿಂಗ್. ಮರುಭೂಮಿಯಲ್ಲಿ ನೀರಿಲ್ಲದೆ ಅಷ್ಟು ದಿನ ಹೇಗೆ, ಹಿಮಾಲಯದಲ್ಲಿ ಕಂಡ ಆ ವಿಚಿತ್ರ ಪ್ರಾಣಿಗಳು ಯಾವುವು ಅಂತ ಆ ಪ್ರದೇಶ ಬಲ್ಲವರು ಆಗಲೇ ಕೇಳಿದ್ದರು. ರಾವಿಚ್ 2004ರಲ್ಲಿ ತೀರಿಕೊಂಡರು. 2006ರಲ್ಲಿ ಬಿಬಿಸಿ ರೇಡಿಯೋ ಹುಡುಕಿ ತೆಗೆದ ದಾಖಲೆಗಳು ಬೇರೆಯದನ್ನೇ ಹೇಳಿದವು: ಪೋಲಿಷ್ ಕೈದಿಗಳಿಗೆ ಸಿಕ್ಕ ಕ್ಷಮಾದಾನದಲ್ಲಿ ಅವರು 1942ರಲ್ಲಿ ಬಿಡುಗಡೆಯಾಗಿ ಇರಾನಿಗೆ ಹೋಗಿದ್ದರು. ಆ ದಾಖಲೆಗಳಲ್ಲಿ ಅವರ ಕೈಬರಹವೂ ಇತ್ತು.

ಇದನ್ನು ಮೊದಲ ಸಲ ತಿಳಿದಾಗ ನನಗೆ ಮೋಸ ಹೋದ ಹಾಗೆ ಅನಿಸಿತ್ತು. ಈಗ ಬೇರೆ ಪ್ರಶ್ನೆ ಕಾಡುತ್ತದೆ. ನಾನು ಆ ಪುಸ್ತಕ ನಂಬಿದ್ದು ಯಾಕೆ? ಅದು ಚೆನ್ನಾಗಿ ಹೇಳಿದ ಕಥೆ. ಒಂದಾದ ಮೇಲೆ ಒಂದು ಘಟನೆ, ಹಸಿವಿಗೂ ಬಾಯಾರಿಕೆಗೂ ತಕ್ಕ ವಿವರ, ಪ್ರತಿ ಪಾತ್ರಕ್ಕೂ ಒಂದು ಮುಖ. ಎಲ್ಲೂ ತಡವರಿಕೆ ಇಲ್ಲ. ಬದುಕಿ ಬಂದವರ ನಿಜವಾದ ಹೇಳಿಕೆಗಳು ಸಾಮಾನ್ಯವಾಗಿ ಹೀಗಿರುವುದಿಲ್ಲ. ತಲೆಗೆ ಪೆಟ್ಟು ಬಿದ್ದವರು, ಥಂಡಿಯಲ್ಲಿ ನಡುಗಿದವರು, ನೀರಿಲ್ಲದೆ ಬಳಲಿದವರು ಹೇಳುವಾಗ ಮಂಗಳವಾರ ಬುಧವಾರವಾಗುತ್ತದೆ. ನಡುವೆ ಒಂದು ರಾತ್ರಿಯೇ ಕಾಣೆಯಾಗುತ್ತದೆ. ನಿನ್ನೆ ಹೇಳಿದ್ದು ಇವತ್ತು ಸ್ವಲ್ಪ ಬದಲಾಗುತ್ತದೆ. ನಾವು ಅದನ್ನೇ ಹಿಡಿದುಕೊಂಡು “ನೋಡು, ಸಿಕ್ಕಿಬಿದ್ದ” ಅನ್ನುತ್ತೇವೆ.

ನನ್ನ ವಾದ ಇಷ್ಟೇ: ನಾವು ಬದುಕಿ ಬಂದವರನ್ನು ಸಾಕ್ಷಿಗಳಂತೆ ಕೇಳುವುದಿಲ್ಲ, ಕಥೆಗಾರರಂತೆ ಪರೀಕ್ಷಿಸುತ್ತೇವೆ. ಕಥೆ ನೆಟ್ಟಗಿದ್ದರೆ ನಂಬುತ್ತೇವೆ, ತೊದಲಿದರೆ ಅನುಮಾನಿಸುತ್ತೇವೆ. ಆದರೆ ನೆಟ್ಟಗಿರುವುದು ಕಥನದ ಗುಣವೇ ಹೊರತು ಸತ್ಯದ ಗುರುತಲ್ಲ. ಸಾಹಿತ್ಯ ಓದುವ ನಮಗೆ ಈ ವ್ಯತ್ಯಾಸ ಇತರರಿಗಿಂತ ಮೊದಲೇ ಗೊತ್ತಿರಬೇಕಿತ್ತು. ಆ ತುಣುಕು ಕಳಿಸುವಾಗ ನನಗೆ ಅದು ನೆನಪಾಗಲಿಲ್ಲ.

ಚರ್ಚೆಯಲ್ಲಿ ಒಬ್ಬ ಗೆಳತಿ ಕೇಳಿದರು: “ಹಂಗಾದ್ರೆ ಪ್ರಶ್ನೆನೇ ಕೇಳಬಾರದಾ? ರಾವಿಚ್ ವಿಷಯದಲ್ಲಿ ಅನುಮಾನ ಪಟ್ಟವರೇ ಗೆದ್ದರಲ್ಲ?”

ಕೇಳಲೇಬೇಕು. ಆದರೆ ಕೇಳುವುದರಲ್ಲಿ ಎರಡು ದಾರಿ ಇವೆ. ಒಂದು ಸಂಗತಿಯನ್ನು ಪ್ರಶ್ನಿಸುವುದು, ಇನ್ನೊಂದು ಮನುಷ್ಯನ ಉದ್ದೇಶವನ್ನು ಊಹಿಸುವುದು. 2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಜಯಾನ್ ರಾಷ್ಟ್ರೀಯ ಉದ್ಯಾನದಲ್ಲಿ ಹನ್ನೆರಡು ದಿನ ಕಾಣೆಯಾಗಿದ್ದ ಮಹಿಳೆ ಬದುಕಿ ಸಿಕ್ಕಾಗ ಎರಡೂ ನಡೆದವು. ಅಲ್ಲಿನ ನದಿಯಲ್ಲಿ ವಿಷಕಾರಿ ಪಾಚಿ ಇತ್ತು, ಹಾಗಾದರೆ ಏನು ಕುಡಿದರು ಅನ್ನೋದು ಸರಿಯಾದ ಪ್ರಶ್ನೆ. ನೀರಿನಿಂದ ಬಾಯಿ ತೇವ ಮಾಡಿಕೊಂಡು ಉಗುಳಿದರು ಅಂತ ಮನೆಯವರು ಹೇಳಿದರು. ಅದನ್ನು ಒರೆಗೆ ಹಚ್ಚಬಹುದು. ಆದರೆ ದೇಣಿಗೆ ಹಣಕ್ಕಾಗಿ ಎಲ್ಲ ಹೂಡಿದ ಆಟ ಅಂದುಬಿಟ್ಟರೆ ಅಲ್ಲಿ ಒರೆಗೆ ಹಚ್ಚಲು ಏನೂ ಉಳಿಯುವುದಿಲ್ಲ. ಅಪರಾಧದ ಸಂಚಿಗೆ ಆಧಾರ ಸಿಕ್ಕಿಲ್ಲ ಅಂತ ಅಲ್ಲಿನ ಅಧಿಕಾರಿಗಳೇ ಕೊನೆಗೆ ಹೇಳಬೇಕಾಯಿತು. ರಾವಿಚ್ ವಿಷಯದಲ್ಲೂ ಗೆದ್ದದ್ದು ಕಡತ. ಓಣಿಯ ಗುಸುಗುಸು ಅಲ್ಲ.

ಇದಕ್ಕೆ ನಮ್ಮಲ್ಲೇ ಒಂದು ಮಾದರಿ ಇದೆ. ಕನಕದಾಸರ ‘ನಳಚರಿತ್ರೆ’ಯಿಂದ ನಳನ ಕಥೆ ನಮಗೆಲ್ಲ ಪರಿಚಿತ. ಮಹಾಭಾರತದ ಮೂಲಕಥೆಯಲ್ಲಿ, ಅಡವಿಯಿಂದ ಅರೆಬಟ್ಟೆಯಲ್ಲಿ ಚೇದಿ ನಗರಕ್ಕೆ ಬಂದ ದಮಯಂತಿಯ ಹಿಂದೆ ಊರ ಹುಡುಗರು ಗುಂಪುಗೂಡುತ್ತಾರೆ. ರಾಜಮಾತೆ ಉಪ್ಪರಿಗೆಯಿಂದ ಅದನ್ನು ಕಂಡು ಮೊದಲು ಅವಳನ್ನು ಒಳಗೆ ಕರೆಸಿಕೊಳ್ಳುತ್ತಾಳೆ. ಯಾರು, ಎಲ್ಲಿಂದ ಎಂಬ ವಿಚಾರಣೆ ಆಮೇಲೆ. ಮುಂದೆ ರೂಪಗೆಟ್ಟ ಬಾಹುಕ ಬಂದಾಗ ದಮಯಂತಿಯೂ ಕಣ್ಣುಮುಚ್ಚಿ ನಂಬುವುದಿಲ್ಲ. ಕೇಶಿನಿಯನ್ನು ಕಳಿಸಿ ಅವನ ನಡೆ ನೋಡಿಸುತ್ತಾಳೆ, ಅವನು ಬೇಯಿಸಿದ್ದನ್ನು ತರಿಸಿ ರುಚಿ ನೋಡುತ್ತಾಳೆ, ಮಕ್ಕಳನ್ನು ಕಳಿಸುತ್ತಾಳೆ. ಅದು ಪೂರ್ತಿ ಅನುಮಾನವೇ. ಆದರೆ ಬೀದಿಯಲ್ಲಿ ನಿಂತು ಕೂಗಿದ್ದಲ್ಲ. ಇವನೇ ನಳ ಆಗಿದ್ದರೆ ಮತ್ತೆ ಕಳೆದುಕೊಳ್ಳಬಾರದು ಎಂಬ ಎಚ್ಚರ ಅದರಲ್ಲಿದೆ.

ಹುಡುಕಾಟ ನಡೆಯುವಾಗ ಈ ಎಚ್ಚರ ಇನ್ನೂ ಮುಖ್ಯ. ‘ಅಡಗಿ ಕುಂತಾನ’ ಎಂಬ ಮಾತು ಎಲ್ಲರ ಬಾಯಲ್ಲಿ ಗಟ್ಟಿಯಾದರೆ ಕಣಿವೆಯಲ್ಲಿ ಹಗ್ಗ ಹಿಡಿದು ಇಳಿಯುವವರ ಹುರುಪು ತಗ್ಗುತ್ತದೆ. ಬಸ್ ನಿಲ್ದಾಣದಲ್ಲಿ ಹುಡುಕೋಣ ಅನ್ನುವವರು ಹೆಚ್ಚುತ್ತಾರೆ. ಬಂಡೆಯ ಸಂದಿಯಲ್ಲಿ ಇರುವವರಿಗೆ ಅದು ಒಂದು ರಾತ್ರಿಯ ಲೆಕ್ಕ.

ನಾನು ಆ ತುಣುಕನ್ನು ಅಳಿಸಿದೆ. ಅಷ್ಟು ಹೊತ್ತಿಗೆ ಅದು ನನ್ನ ಮೂರು ಗುಂಪುಗಳಿಂದ ಎಲ್ಲೆಲ್ಲಿಗೋ ಹೋಗಿತ್ತು. ಮಾವಶಿಗೆ ಮೊನ್ನೆ ಈ ಪ್ರಬಂಧ ಓದಿ ಹೇಳಿದೆ. ಪೂರ್ತಿ ಕೇಳಿದರು. “ಬದುಕಿ ಬಂದಾನಲ್ಲ, ಅದ ಮುಖ್ಯ ಬಿಡು,” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಆದ್ರ ಆ ಸಿಸಿಟಿವ್ಯಾಗ ಇದ್ದಾಂವ ಯಾರ?” ಅಂತ ಕೇಳಿದರು. ಪ್ರಶ್ನೆ ಕೇಳುವ ಹಕ್ಕು ಅವರಿಗೂ ಇದೆ. ಈ ಸಲ ಮಾತ್ರ ನಾನು “ಇವನೇ ಇರಬೇಕು” ಅನ್ನಲಿಲ್ಲ.