ಜಠರದಲ್ಲೊಂದು ನಿಲ್ಲದ ಕರೆಗಂಟೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಉಂಡ ಮೇಲೆ ಎದೆ ಉರಿದರೆ ಯಾರೂ ಡಾಕ್ಟರ ಬಳಿ ಓಡುವುದಿಲ್ಲ. ಮುರುಗಲು ಸಾರೋ ಜೀರಿಗೆ ಕಷಾಯವೋ ಕುಡಿದು, 'ಪಿತ್ತ' ಎಂದು ಸುಮ್ಮನಾಗುವುದು ರೂಢಿ. ಹೆಚ್ಚಿನ ಸಲ ಅದು ಸರಿಯೇ. ಆದರೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿ, ತೂಕ ಇಳಿದು, ಮಲ ಕಪ್ಪಾದಾಗಲೂ ಕಷಾಯವೇ ಮುಂದುವರಿದರೆ ತಿಂಗಳುಗಳು ಕಳೆದುಹೋಗುತ್ತವೆ. ಜಠರದ ಕ್ಯಾನ್ಸರ್ ನಮ್ಮಲ್ಲಿ ಬಹುಪಾಲು ಬಲಿತ ಮೇಲೆಯೇ ಪತ್ತೆಯಾಗುವುದಕ್ಕೆ ಇದೂ ಒಂದು ಕಾರಣ.

ಎಲ್ಲ ಗಡ್ಡೆಗಳೂ ಒಂದೇ ಬಗೆಯಲ್ಲಿ ಬೆಳೆಯುವುದಿಲ್ಲ. ಕೆಲವುಗಳ ಹಿಂದೆ ಹರ್-2 ಎಂಬ ವಂಶವಾಹಿಯ ಅತಿರೇಕವಿರುತ್ತದೆ. ಹದಿನೇಳನೆಯ ವರ್ಣತಂತುವಿನಲ್ಲಿರುವ ಇದು ಎಲ್ಲರಲ್ಲೂ ಉಂಟು. ತಂದೆಯಿಂದೊಂದು, ತಾಯಿಯಿಂದೊಂದು ಪ್ರತಿ. ಜೀವಕೋಶದ ಹೊರಪೊರೆಯ ಮೇಲೆ ಒಂದು ಪ್ರೋಟೀನನ್ನು ಕೂರಿಸುವುದು ಇದರ ಕೆಲಸ. ಮನೆಯ ಕರೆಗಂಟೆ ಇದ್ದಂತೆ: ಹೊರಗಿನ ಕರೆ ಬಂದಾಗ ಬಾರಿಸುತ್ತದೆ, ಒಳಗಿನ ಕೋಶ ಬೆಳೆದು ಎರಡಾಗುತ್ತದೆ. ಕೆಲವು ಗಡ್ಡೆಗಳಲ್ಲಿ ಈ ವಂಶವಾಹಿಯ ಪ್ರತಿಗಳು ಹತ್ತಾರಾಗಿಬಿಡುತ್ತವೆ. ಆಗ ಪ್ರೋಟೀನುಗಳು ಒತ್ತೊತ್ತಾಗಿ ಕುಳಿತು, ಒಂದಕ್ಕೊಂದು ಜೋಡಿಯಾಗಿ, ಯಾರೂ ಒತ್ತದೆಯೇ ಗಂಟೆ ಹೊಡೆಯತೊಡಗುತ್ತವೆ. ಕೋಶ ವಿಭಜನೆ ನಿಲ್ಲುವುದಿಲ್ಲ. ಸಾಯಬೇಕಾದ ಕೋಶ ಸಾಯುವುದಿಲ್ಲ. ನೆರೆಕೋಶದ ಹಿಡಿತ ಸಡಿಲಿಸಿಕೊಂಡು ರಕ್ತದೊಡನೆ ಯಕೃತ್ತಿಗೂ ಹೋಗಿ ನೆಲೆಸುತ್ತದೆ.

ವಂಶವಾಹಿ ಎಂದೊಡನೆ 'ಮಕ್ಕಳಿಗೂ ಬರುತ್ತದೆಯೇ' ಎಂಬ ದಿಗಿಲು ಸಹಜ. ಈ ಅತಿರೇಕ ಹುಟ್ಟುವುದು ಗಡ್ಡೆಯೊಳಗೇ, ಮಕ್ಕಳಿಗೆ ದಾಟುವುದಿಲ್ಲ. ಮನೆತನದಲ್ಲಿ ಹರಿದುಬರುವ ಜಠರ ಕ್ಯಾನ್ಸರ್ ಬೇರೆ, ಅದು ಅಪರೂಪ.

ರೋಗಕ್ಕೆ ನೆಲ ಹದಮಾಡುವವು ಬೇರೆಯೇ ಇವೆ. ಮುಖ್ಯವಾದುದು ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯ. ಇದನ್ನು ಕಂಡುಹಿಡಿದವರಿಗೆ 2005ರಲ್ಲಿ ನೊಬೆಲ್ ಬಂತು. ಹೊಗೆಸೊಪ್ಪಿನ ಧೂಮಪಾನವೂ ಸೇರುತ್ತದೆ. ಭರಣಿಯ ಅಪ್ಪೆಮಿಡಿಯನ್ನು ದೂರಲು ಮನಸ್ಸು ಬಾರದು, ಆದರೆ ಉಪ್ಪಿನಲ್ಲಿಟ್ಟ ಪದಾರ್ಥಗಳ ಅತಿಬಳಕೆಯ ಮೇಲೂ ತಜ್ಞರಿಗೆ ಗುಮಾನಿಯಿದೆ. ಇನ್ನು ಅಡಿಕೆ: 2004ರ ಅಂತರರಾಷ್ಟ್ರೀಯ ವರದಿ ಅದನ್ನು ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿದ್ದು ಮುಖ್ಯವಾಗಿ ಬಾಯಿಯ ಕ್ಯಾನ್ಸರನ್ನು ನೋಡಿ, ಜಠರದ್ದನ್ನಲ್ಲ.

ಜಠರದ ಗಡ್ಡೆಯಲ್ಲಿ ಹರ್-2 ಹೆಚ್ಚಿರುವುದನ್ನು 1986ರಲ್ಲೇ ಜಪಾನಿನ ಸಂಶೋಧಕರು ಗುರುತಿಸಿದ್ದರು. ಔಷಧಕ್ಕೆ 2010ರ ತನಕ ಕಾಯಬೇಕಾಯಿತು. ಆ ವರ್ಷ ಪ್ರಕಟವಾದ 'ಟೋಗಾ' ಪ್ರಯೋಗದಲ್ಲಿ, ತಪಾಸಣೆಗೊಳಗಾದವರ ಪೈಕಿ ಸುಮಾರು ನೂರಕ್ಕೆ 22 ಮಂದಿಯ ಗಡ್ಡೆಯಲ್ಲಿ ಈ ಅತಿರೇಕ ಕಂಡಿತು. ಗಂಟೆಗೆ ಅಡ್ಡ ಕೂರುವ ಟ್ರಾಸ್ಟುಜುಮ್ಯಾಬ್ ಔಷಧವನ್ನು ಕೀಮೋ ಜೊತೆ ಕೊಟ್ಟಾಗ, ಬಲಿತ ರೋಗದವರ ಸರಾಸರಿ ಆಯುಷ್ಯ ಸುಮಾರು 11.1 ತಿಂಗಳಿಂದ 13.8 ತಿಂಗಳಿಗೆ ಏರಿತು. ಎರಡೂಮುಕ್ಕಾಲು ತಿಂಗಳು ಅಷ್ಟೇ ಎನ್ನಬಹುದು. ಆ ಮನೆಯವರನ್ನು ಕೇಳಬೇಕು. ಇದೇ ಔಷಧದ ಸಮರೂಪವನ್ನು ಬೆಂಗಳೂರಿನ ಬಯೋಕಾನ್ 2014ರಲ್ಲಿ ಮಾರುಕಟ್ಟೆಗೆ ತಂದಿತು. ಅದಕ್ಕೂ ಸಾಮಾನ್ಯರ ಕೈಗೆ ಸಲೀಸಾಗಿ ಎಟುಕುವ ಬೆಲೆಯಲ್ಲ.

ಹರ್-2 ಇಲ್ಲದವರಿಗೆ ಈ ಮದ್ದು ವ್ಯರ್ಥ, ಆದ್ದರಿಂದ ಪರೀಕ್ಷೆಯೇ ಮೊದಲು. ಎಂಡೋಸ್ಕೋಪಿಯಲ್ಲಿ ಒಂದೇ ಚೂರು ತೆಗೆದರೆ ಸಾಲದು. ಹರ್-2 ಗಡ್ಡೆಯ ಒಂದು ಮೂಲೆಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರಬಹುದು, ಆರೆಂಟು ಚೂರು ಬೇಕು. ಬಣ್ಣದ ಪರೀಕ್ಷೆಯಲ್ಲಿ 3 ಅಂಕ ಬಂದರೆ ಖಚಿತ, 2 ಬಂದರೆ ವಂಶವಾಹಿಯ ಪ್ರತಿಗಳನ್ನೇ ಎಣಿಸುತ್ತಾರೆ. ಘಟ್ಟದ ಮೇಲಿನ ರೋಗಿಗಳು ಹುಬ್ಬಳ್ಳಿ ನವನಗರಕ್ಕೋ ಮಣಿಪಾಲಕ್ಕೋ ಹೊರಡುವಾಗ ರಿಪೋರ್ಟಿನ ಜೊತೆ ಚೂರುಗಳನ್ನು ಅಡಗಿಸಿಟ್ಟ ಮೇಣದ ಬಿಲ್ಲೆಗಳನ್ನೂ ಲ್ಯಾಬಿನಿಂದ ಕೇಳಿ ಪಡೆದರೆ, ಅದರಿಂದಲೇ ಈ ಪರೀಕ್ಷೆ ಮಾಡಬಹುದು.