ಕಲ್ಲಿಗೂ ಒಂದು ಕಂಠ

ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಶಿವಾಲಯದ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಶಾಸನ ಬರೆಯುತ್ತಾ ನಿಂತಿದ್ದಾಳೆ. ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಕಲ್ಯಾಣವನ್ನು, ಅಂದರೆ ಇಂದಿನ ಬಸವಕಲ್ಯಾಣವನ್ನು, ರಾಜಧಾನಿಯಾಗಿಸಿಕೊಂಡು 1076ರಿಂದ 1126ರವರೆಗೆ ಆಳಿದ ಚಾಲುಕ್ಯ ದೊರೆ ಅವನು. ನೋಡಲು ಹೋದವರು ಅವಳ ಅಕ್ಷರಕ್ಕೆ ಬೆರಗಾಗುತ್ತಾರೆ. ಆದರೆ ಉಳಿ ಹಿಡಿಯುವ ಮೊದಲು ಶಿಲ್ಪಿ ಕಲ್ಲನ್ನು ತಟ್ಟಿ ಕಿವಿಗೊಡಬೇಕು!

ಶಿಲ್ಪಶಾಸ್ತ್ರದಲ್ಲಿ ಕಲ್ಲಿನ ನಾದದಿಂದಲೇ ಗಂಡುಶಿಲೆ, ಹೆಣ್ಣುಶಿಲೆ, ನಪುಂಸಕ ಶಿಲೆ ಎಂಬ ವಿಂಗಡಣೆಯಿದೆ. ಗಂಟೆಯಂತೆ ಮೊಳಗಿದರೆ ಗಂಡು. ದನಿಯೇ ಇಲ್ಲದ್ದು ನಪುಂಸಕ. ಹೆಸರು ಏನೇ ಇರಲಿ, ಒಳಗೆ ಬಿರುಕಿದ್ದ ಕಲ್ಲು ಬೊದ್ದೆನ್ನುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವ ಅಜ್ಜಿ ಬೆರಳಿನಿಂದ ತಟ್ಟಿ ನೋಡುವುದೂ ಇದಕ್ಕೇ.

ಈ ನಾದವನ್ನೇ ಶಿಲ್ಪವಾಗಿಸಿದವರು ಇಟಲಿಯ ಸಾರ್ಡಿನಿಯಾ ದ್ವೀಪದ ಪಿನೂಚ್ಚೊ ಶೋಲಾ (1942–2016). ರೈತ ಕುಟುಂಬದ ಮಗ. 1990ರ ದಶಕದಲ್ಲಿ ಅವರು ಬಂಡೆಗಳಲ್ಲಿ ಬಾಚಣಿಗೆಯ ಹಲ್ಲುಗಳಂತೆ ಆಳವಾದ ಸೀಳುಗಳನ್ನು ಕೊಯ್ಯತೊಡಗಿದರು. ಅಂಗೈಯಿಂದಲೋ ಚಿಕ್ಕ ಕಲ್ಲಿನಿಂದಲೋ ಮೆಲ್ಲಗೆ ಸವರಿದರೆ ಸಾಕು, ಬಂಡೆ ಹಾಡುತ್ತದೆ. ಸೀಳುಗಳ ನಡುವೆ ಉಳಿದ ತೆಳು ಹಲಗೆಗಳು ಅಡೆತಡೆಯಿಲ್ಲದೆ ಕಂಪಿಸುವುದೇ ಅದರ ಗುಟ್ಟು. ಅವರ ಹುಟ್ಟೂರು ಸಾನ್ ಸ್ಪೆರಾತೆಯಲ್ಲಿ ಇಂಥ ಬಂಡೆಗಳ ತೋಟವೇ ಇದೆ.

ಶೋಲಾ ಆರಿಸಿಕೊಂಡದ್ದು ಮುಖ್ಯವಾಗಿ ಬಸಾಲ್ಟ್ ಮತ್ತು ಸುಣ್ಣಕಲ್ಲು. ಬಸವಕಲ್ಯಾಣದ ಸುತ್ತಲಿನ ಕಪ್ಪುಕಲ್ಲು ಬಸಾಲ್ಟೇ, ಪಕ್ಕದ ಕಲಬುರಗಿ ಜಿಲ್ಲೆಯ ಶಹಾಬಾದ್ ಹಾಸುಗಲ್ಲು ಸುಣ್ಣಕಲ್ಲೇ. ಕಾಲಡಿಯ ಕಲ್ಲಿಗೆ ಕಿವಿಗೊಡುವವರು ಮಾತ್ರ ಕಡಿಮೆ.

ಹಿಂದಿನವರು ಕಿವಿಗೊಟ್ಟಿದ್ದರು. ಬಳ್ಳಾರಿ ಬಳಿಯ ಕಪ್ಪಗಲ್ಲು ಗುಡ್ಡದಲ್ಲಿ ನವಶಿಲಾಯುಗದ ಜನ ಕೊರೆದ ಚಿತ್ರಗಳ ನಡುವೆಯೇ ಗಂಟೆಯಂತೆ ಮೊಳಗುವ ಬಂಡೆಗಳಿವೆ. ಬಡಿದು ಬಡಿದು ಅವುಗಳಲ್ಲಿ ಕುಳಿಗಳೂ ಬಿದ್ದಿವೆ. ಸಂಶೋಧಕರು 2004ರಲ್ಲಿ ಈ ವಿಷಯ ಪ್ರಕಟಿಸುವ ಹೊತ್ತಿಗೆ ಕಲ್ಲುಗಣಿಯವರು ಗುಡ್ಡದ ಕೆಲವು ಭಾಗ ಕೆಡಿಸಿಯಾಗಿತ್ತು. ಹಂಪಿಯ ವಿಜಯವಿಠ್ಠಲ ದೇವಾಲಯದ ಸಂಗೀತ ಕಂಬಗಳದ್ದೂ ನೋವಿನ ಕಥೆಯೇ. ಬಂದವರೆಲ್ಲ ತಟ್ಟಿ ಸವೆಸಿದ್ದರಿಂದ ಈಗ ತಟ್ಟುವುದಕ್ಕೇ ನಿಷೇಧ.

ಹಾಗೆಂದು ಮಕ್ಕಳು ನಿರಾಶರಾಗಬೇಕಿಲ್ಲ. ಮನೆ ಕಟ್ಟುವಲ್ಲಿ ಮಿಕ್ಕ, ಎರಡಡಿ ಉದ್ದದ ಕಿರಿದಾದ ಶಹಾಬಾದ್ ಪಟ್ಟಿಯೊಂದು ಸಾಕು. ಎರಡೂ ತುದಿಯಿಂದ ಸುಮಾರು ಕಾಲು ಭಾಗ ಒಳಗೆ ಬಟ್ಟೆಯ ಸುರುಳಿಯಿಟ್ಟು ಅದರ ಮೇಲೆ ಪಟ್ಟಿಯನ್ನು ಮಲಗಿಸಿ, ನಡುವೆ ಮರದ ಸೌಟಿನಿಂದ ತಟ್ಟಬೇಕು. ಬಿರುಕಿಲ್ಲದಿದ್ದರೆ ಠಣ್ಣೆನ್ನುತ್ತದೆ. ಅದನ್ನೇ ನೆಲಕ್ಕೆ ಒತ್ತಿ ಹಿಡಿದು ತಟ್ಟಿದರೆ ದನಿ ಅಲ್ಲೇ ಉಡುಗಿಹೋಗುತ್ತದೆ.