ಎತ್ತರದ ಕುರ್ಚಿಯ ನಗೆಗಾರ



ನಗಿಸಿದವನನ್ನು ಅವನು ತೀರಿಕೊಂಡ ಮೇಲೆ ನೆನೆಯುವುದು ತೊಡಕಿನ ಕೆಲಸ. ಕವಿಯಾದರೆ ಅವನ ಪದ್ಯವನ್ನು ಓದಿ ತೋರಿಸಬಹುದು. ಗಾಯಕನಾದರೆ ಅವನ ಧ್ವನಿಮುದ್ರಿಕೆಯನ್ನು ಹಾಕಿ ಕೇಳಿಸಬಹುದು. ನಗೆಗಾರನ ಮಾತನ್ನು ಮತ್ತೊಬ್ಬರು ಹೇಳಹೊರಟರೆ ಅದು ಆರಿದ ಕಾಫಿಯಾಗುತ್ತದೆ. ಆದರೂ ಐರ್ಲೆಂಡಿನ ಡೇವ್ ಅಲೆನ್ ಎಂಬ ನಗೆಗಾರನ ವಿಷಯವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅವನು ತೀರಿಕೊಂಡದ್ದು 2005ರ ಮಾರ್ಚ್ 10ರಂದು, ಲಂಡನ್ನಿನಲ್ಲಿ. ಆಗ ಅವನಿಗೆ 68 ವರ್ಷ. ಇಷ್ಟು ಕಾಲ ಸಂದ ಮೇಲೂ ನಾನೇಕೆ ಅವನನ್ನು ಮರೆತಿಲ್ಲವೆಂಬುದಕ್ಕೆ ಒಂದು ಕಾರಣವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಅವನ ನಿಜವಾದ ಹೆಸರು ಡೇವಿಡ್ ಟೈನನ್ ಓಮಹೊನಿ. 1936ರಲ್ಲಿ ಡಬ್ಲಿನ್ ನಗರದಲ್ಲಿ ಹುಟ್ಟಿದವನು. ತಂದೆ ‘ಐರಿಷ್ ಟೈಮ್ಸ್’ ಪತ್ರಿಕೆಯಲ್ಲಿ ಉನ್ನತ ಹುದ್ದೆಯಲ್ಲಿದ್ದವರು, ಕಥೆ ಹೇಳುವುದರಲ್ಲಿ ನಿಪುಣರು. ಮಗನಿಗೆ ಹನ್ನೆರಡು ವರ್ಷವಾಗಿದ್ದಾಗ ಅವರು ಕಾಲವಾದರು. ಹುಡುಗ ಕ್ಯಾಥೊಲಿಕ್ ಪಾದ್ರಿಗಳ ಶಾಲೆಗಳಲ್ಲಿ ಓದಿದ, ಕೆಲಕಾಲ ಪತ್ರಿಕೆಯೊಂದರಲ್ಲಿ ದುಡಿದ, ಆಮೇಲೆ ಇಂಗ್ಲೆಂಡಿಗೆ ಹೋದ. ಅಲ್ಲಿ ಕಡಲತೀರದ ಬಟ್ಲಿನ್ಸ್ ವಿಹಾರಧಾಮದಲ್ಲಿ ಕೆಂಪು ಕೋಟು ತೊಟ್ಟು, ರಜೆ ಕಳೆಯಲು ಬಂದ ಕುಟುಂಬಗಳನ್ನು ರಂಜಿಸುವ ಕೆಲಸಕ್ಕೆ ಸೇರಿಕೊಂಡ. ಓಮಹೊನಿ ಎಂಬ ಹೆಸರು ಇಂಗ್ಲಿಷರ ನಾಲಗೆಗೆ ಒಗ್ಗುತ್ತಿರಲಿಲ್ಲವಾಗಿ ಅಲೆನ್ ಎಂದು ಬದಲಾಯಿಸಿಕೊಂಡ. ‘ಅ’ಕಾರದಿಂದ ತೊಡಗುವ ಹೆಸರು ಏಜೆಂಟರ ಪಟ್ಟಿಯಲ್ಲಿ ಮೇಲ್ಗಡೆ ಇರುತ್ತದೆಂಬ ಲೆಕ್ಕಾಚಾರವೂ ಅದರಲ್ಲಿತ್ತು.

1963ರ ಆರಂಭದಲ್ಲಿ ಹೆಲೆನ್ ಶಪಿರೊ ಎಂಬ ಗಾಯಕಿಯ ಸಂಚಾರಿ ಕಾರ್ಯಕ್ರಮದಲ್ಲಿ ಇವನು ನಿರೂಪಕನಾಗಿದ್ದ. ಅದೇ ವೇದಿಕೆಯಲ್ಲಿ, ಇನ್ನೂ ಅಷ್ಟಾಗಿ ಹೆಸರು ಮಾಡಿರದ ನಾಲ್ವರು ತರುಣರೂ ಹಾಡುತ್ತಿದ್ದರು, ಅವರೇ ಬೀಟಲ್ಸ್. ಅದೇ ವರ್ಷ ಆಸ್ಟ್ರೇಲಿಯಕ್ಕೆ ಹೋಗಿ ಅಲ್ಲಿನ ದೂರದರ್ಶನದಲ್ಲಿ ಜನಪ್ರಿಯನಾದ. ಮರಳಿ ಬಂದ ಮೇಲೆ ಬಿ.ಬಿ.ಸಿ. ಅವನನ್ನು ಮನೆಮಾತಾಗಿಸಿತು. 1971ರಿಂದ 1979ರವರೆಗೆ ನಡೆದ ‘ಡೇವ್ ಅಲೆನ್ ಅಟ್ ಲಾರ್ಜ್’ ಎಂಬ ಕಾರ್ಯಕ್ರಮ ಅವನ ಕೀರ್ತಿಯ ಶಿಖರ.

ಆ ಕಾರ್ಯಕ್ರಮದ ರೀತಿಯನ್ನು ಸ್ವಲ್ಪ ವಿವರಿಸಬೇಕು. ವೇದಿಕೆಯ ಮೇಲೆ ಒಂದು ಎತ್ತರದ ಕುರ್ಚಿ. ಅದರಲ್ಲಿ ಕೋಟು ತೊಟ್ಟ ಮನುಷ್ಯ. ಕೈಯಲ್ಲಿ ಸಿಗರೇಟು, ಪಕ್ಕದಲ್ಲಿ ಪಾನೀಯದ ಗ್ಲಾಸು. ನೋಡುವವರು ವಿಸ್ಕಿಯೆಂದೇ ಭಾವಿಸುತ್ತಿದ್ದರು. ಅದರಲ್ಲಿದ್ದುದು ಶುಂಠಿಯ ಸೋಡಾ ಎಂದು ಬಲ್ಲವರು ಹೇಳುತ್ತಾರೆ. ಮಾತಿಗೆ ಆತುರವಿಲ್ಲ. ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಹಿರಿಯರೊಬ್ಬರು ಊರಿನ ಸುದ್ದಿ ಹೇಳುವಂತೆ ಅವನ ಮಾತು ಸಾಗುತ್ತಿತ್ತು. ನಡುನಡುವೆ ಪುಟ್ಟ ಪ್ರಹಸನಗಳು. ಅವನ ಎಡಗೈಯ ತೋರುಬೆರಳಿಗೆ ತುದಿಯಿರಲಿಲ್ಲ. ಆ ತುದಿ ಹೇಗೆ ಹೋಯಿತೆಂಬುದಕ್ಕೆ ಅವನು ಒಂದೊಂದು ಸಲ ಒಂದೊಂದು ಕಥೆ ಹೇಳುತ್ತಿದ್ದ. ಇಲ್ಲದ ಬೆರಳನ್ನೂ ಅವನು ದುಡಿಸಿಕೊಂಡ!

ನಮ್ಮ ಭರತಮುನಿ ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ಎರಡು ಬಗೆಯಾಗಿ ವಿಂಗಡಿಸಿದ್ದಾನೆ. ತಾನೇ ನಗುವುದು ಮೊದಲನೆಯದು, ಪರರನ್ನು ನಗಿಸುವುದು ಎರಡನೆಯದು. ಅಲೆನ್‌ನ ಹಾಸ್ಯದಲ್ಲಿ ಇವೆರಡೂ ಬೆರೆತಿದ್ದವು. ಅನೇಕ ನಗೆಗಾರರು ತಾವು ಮುಖ ಬಿಗಿಹಿಡಿದು ಪರರನ್ನು ನಗಿಸುತ್ತಾರೆ. ಇವನೋ, ತಾನು ಹೇಳಲಿರುವುದನ್ನು ನೆನೆದು ತಾನೇ ಮೊದಲು ನಕ್ಕುಬಿಡುತ್ತಿದ್ದ. ಆ ನಗೆಯಲ್ಲಿ ‘ನಾನೂ ನಿಮ್ಮಂತೆಯೇ ದಡ್ಡ’ ಎಂಬ ಒಪ್ಪಿಗೆಯಿತ್ತು. ಆದ್ದರಿಂದಲೇ ಅವನ ವಿಡಂಬನೆ ಎಷ್ಟೇ ಹರಿತವಾಗಿದ್ದರೂ ಕೇಳುವವರಿಗೆ ಗಾಯಕ್ಕಿಂತ ಹೆಚ್ಚಾಗಿ ಕಚಗುಳಿಯಾಗುತ್ತಿತ್ತು.

ಅವನು ಆರಿಸಿಕೊಂಡ ವಸ್ತುಗಳಾದರೂ ಎಂಥವು! ಧರ್ಮ, ಸಾವು, ಕುಡಿತ, ಅಧಿಕಾರ. ಶವಯಾತ್ರೆಗಳೆರಡು ಸ್ಮಶಾನದ ಹಾದಿಯಲ್ಲಿ ಸಂಧಿಸಿ, ಯಾರು ಮೊದಲು ತಲುಪುವರೆಂದು ಪಂದ್ಯಕ್ಕಿಳಿಯುವ ಪ್ರಹಸನವನ್ನು ಕಂಡವರು ಮರೆಯಲಾರರು. ಪಾದ್ರಿಗಳೂ ಸಂನ್ಯಾಸಿನಿಯರೂ ಪಾಪನಿವೇದನೆಯ ಗೂಡುಗಳೂ ಅವನಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಪೋಪರನ್ನು ಕುರಿತ ಒಂದು ಪ್ರಹಸನಕ್ಕಾಗಿ ಭಕ್ತರು ಬಹುವಾಗಿ ನೊಂದುಕೊಂಡರು. ಅವರ ನೋವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಒಂದನ್ನು ಗಮನಿಸಬೇಕು. ಬಾಲ್ಯದಲ್ಲಿ ಪಾದ್ರಿಗಳ ಶಾಲೆಯಲ್ಲಿ ನರಕದ ಭಯವನ್ನು ಉಂಡು ಬೆಳೆದ ಹುಡುಗ ಅವನು. ಅವನ ನಗೆ ಆ ಭಯಕ್ಕೆ ಕೊಟ್ಟ ಉತ್ತರ. ಭಯಪಡಿಸುವವರನ್ನು ಅವನು ಗೇಲಿಮಾಡಿದ, ಭಯಪಡುವವರನ್ನು ಮಾಡಲಿಲ್ಲ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಐರಿಷ್ ಮನುಷ್ಯನೆಂದರೆ ಪೆದ್ದನೆಂಬ ಸಿದ್ಧ ನಗೆಹನಿಗಳು ಆ ದಿನಗಳಲ್ಲಿ ಇಂಗ್ಲೆಂಡಿನ ಬೀದಿಬೀದಿಗಳಲ್ಲಿದ್ದವು. ಉತ್ತರ ಐರ್ಲೆಂಡಿನ ಕಲಹವೂ ಉಲ್ಬಣಿಸಿತ್ತು. 1974ರ ನವೆಂಬರ್ 21ರ ರಾತ್ರಿ ಬರ್ಮಿಂಗ್‌ಹ್ಯಾಮ್ ನಗರದ ಎರಡು ಮದ್ಯಗೃಹಗಳಲ್ಲಿ ಬಾಂಬು ಸಿಡಿದು 21 ಮಂದಿ ಸತ್ತರು. ಆ ಬಳಿಕ ಐರಿಷ್ ಉಚ್ಚಾರಣೆಯೇ ಸಂಶಯಕ್ಕೆ ಗುರಿಯಾಯಿತು. ಅಂಥ ವರ್ಷಗಳಲ್ಲಿ ಆ ಉಚ್ಚಾರಣೆಯ ಮನುಷ್ಯನೊಬ್ಬ ಇಂಗ್ಲಿಷರ ನಡುಮನೆಗೆ ದೂರದರ್ಶನದ ಮೂಲಕ ಬಂದು, ಕಾಲಮೇಲೆ ಕಾಲು ಹಾಕಿ ಕುಳಿತು, ಅವರನ್ನು ನಗಿಸಿದ. ಇದನ್ನು ಸಣ್ಣ ಕೆಲಸವೆಂದು ನಾನು ತಿಳಿದಿಲ್ಲ.

ಈ ಮಾತನ್ನು ನನಗೆ ಮನಗಾಣಿಸಿದವನು ನನ್ನ ಅಣ್ಣ. ಅವನು ವೈದ್ಯ. 1972ರಲ್ಲಿ, ನಮ್ಮ ನಾಡಿನ ನೂರಾರು ವೈದ್ಯರಂತೆ, ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಯ ಕೆಲಸಕ್ಕೆ ಹೋಗಿ ಬರ್ಮಿಂಗ್‌ಹ್ಯಾಮಿನಲ್ಲಿ ನೆಲೆಸಿದ. ಬಾಂಬು ಸಿಡಿದ ಮೇಲೆ ಅವನ ವಾರ್ಡಿನ ಐರಿಷ್ ದಾದಿಯೊಬ್ಬಳು ಬಸ್ಸಿನಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದಳಂತೆ. ಟಿಕೆಟ್ಟಿಗೆ ಸರಿಯಾದ ಚಿಲ್ಲರೆಯನ್ನು ಎಣಿಸಿಟ್ಟುಕೊಂಡು ಸುಮ್ಮನೆ ಕೈಚಾಚುತ್ತಿದ್ದಳಂತೆ. ಆದರೆ ಅಲೆನ್‌ನ ಕಾರ್ಯಕ್ರಮ ಬಂದ ಮರುದಿನ ಮಾತ್ರ ಅವಳು ವಾರ್ಡಿನಲ್ಲಿ ಗಟ್ಟಿಯಾಗಿ ಮಾತನಾಡುತ್ತಿದ್ದಳೆಂದು ಅಣ್ಣ ಹೇಳುತ್ತಿದ್ದ.

1989ರ ಕೊನೆಯಲ್ಲಿ ನಮ್ಮ ತಂದೆಯವರು ತೀರಿಕೊಂಡರು. ಅಣ್ಣ ಸಮಯಕ್ಕೆ ಬಂದು ಸೇರಲಾಗಲಿಲ್ಲ. ಕಿರಿಯನಾದ ನಾನೇ ಅಗ್ನಿಸ್ಪರ್ಶ ಮಾಡಿದೆ. ಆ ಕೊರಗು ಅವನನ್ನು ತಿನ್ನುತ್ತಿತ್ತು. ಟಿಕೆಟ್ಟು ಕಳುಹಿಸಿ ನನ್ನನ್ನು ಕರೆಸಿಕೊಂಡ. ತಂದೆಯವರು ಶಾಲಾಮಾಸ್ತರಿಕೆಯಿಂದ ನಿವೃತ್ತರಾದಾಗ ಊರಿನವರು ಕೊಟ್ಟಿದ್ದ ಎಚ್.ಎಂ.ಟಿ. ಕೈಗಡಿಯಾರವನ್ನು ನಾನು ಅವನಿಗಾಗಿ ಒಯ್ದಿದ್ದೆ. ಅವನು ಅದನ್ನು ಕಟ್ಟಿಕೊಂಡ. ಆದರೆ ತಂದೆಯವರ ವಿಷಯವಾಗಿ ಒಂದು ಮಾತನ್ನೂ ಆಡಲಿಲ್ಲ. ನಾನೂ ಆಡಲಿಲ್ಲ. ಹೀಗೆಯೇ ದಿನಗಳು ಕಳೆದವು.

1990ರ ಜನವರಿಯ ಒಂದು ರಾತ್ರಿ ಬಿ.ಬಿ.ಸಿ.ಯಲ್ಲಿ ಅಲೆನ್‌ನ ಹೊಸ ಕಾರ್ಯಕ್ರಮ. ಕೂದಲು ನರೆತಿತ್ತು, ಸಿಗರೇಟನ್ನು ಅವನು ಆ ಹೊತ್ತಿಗಾಗಲೇ ಬಿಟ್ಟಿದ್ದ. ಅಂದು ಅವನು ಗಡಿಯಾರದ ವಿಷಯ ಎತ್ತಿಕೊಂಡ. ಅದರ ಸಾರಾಂಶ ಇಷ್ಟು: ಮನುಷ್ಯ ಗಡಿಯಾರ ನೋಡಿ ಏಳುತ್ತಾನೆ, ಗಡಿಯಾರ ನೋಡಿ ಉಣ್ಣುತ್ತಾನೆ, ಗಡಿಯಾರ ನೋಡಿ ಕೆಲಸಕ್ಕೆ ಹೋಗುತ್ತಾನೆ, ಗಡಿಯಾರ ನೋಡಿ ಮಲಗುತ್ತಾನೆ, ಹೀಗೆ ಜನ್ಮವೆಲ್ಲ ಸವೆಸಿ ನಿವೃತ್ತನಾದ ದಿನ ಅವನಿಗೆ ಏನನ್ನು ಉಡುಗೊರೆಯಾಗಿ ಕೊಡುತ್ತಾರೆ? ಒಂದು ಗಡಿಯಾರ! ಆ ಕೊನೆಯ ಪದದ ಹಿಂದೆ ಅವನೊಂದು ಒರಟು ಬೈಗುಳವನ್ನು ಸೇರಿಸಿದ್ದ. ಅದರಿಂದ ಗದ್ದಲವೆದ್ದು ವಿಷಯ ಪಾರ್ಲಿಮೆಂಟಿನವರೆಗೂ ಹೋಯಿತು, ಬಿ.ಬಿ.ಸಿ. ವಿಷಾದ ಸೂಚಿಸಬೇಕಾಯಿತು. ಆದರೆ ಆ ಮಾತಿಗೆ ಆ ಬೈಗುಳ ಬೇಕಿತ್ತೆಂದೇ ಈ ನಿವೃತ್ತ ಮೇಷ್ಟರ ಅಭಿಪ್ರಾಯ. ಜೀವಮಾನದ ಸಿಟ್ಟೆಲ್ಲ ಅದರಲ್ಲಿ ಅಡಗಿತ್ತು.

ಅಣ್ಣ ಕೈಯನ್ನು ಮೇಲೆತ್ತಿ ತಂದೆಯವರ ಗಡಿಯಾರವನ್ನು ನೋಡಿದ. ನಾನೂ ನೋಡಿದೆ. ಇಬ್ಬರೂ ಒಮ್ಮೆಲೇ ನಕ್ಕೆವು. ಅತ್ತಿಗೆ ಅಡುಗೆಮನೆಯಿಂದ ಓಡಿಬಂದರು. ಅಣ್ಣನ ನಗೆ ನಿಲ್ಲಲಿಲ್ಲ. ನಗುನಗುತ್ತಲೇ ಅದು ಅಳುವಾಯಿತು. ಆಮೇಲೆ ಅವನು ಕೇಳಿದ: “ಕೊನೆಗೆ ಅಪ್ಪ ನನ್ನನ್ನು ಕೇಳಿದರೇನೋ?” ಕೇಳಿದ್ದರು. ಅದನ್ನು ಹೇಳಲು ಅಲ್ಲಿಯತನಕ ನನಗೆ ಬಾಯಿ ಬಂದಿರಲಿಲ್ಲ. ಆ ರಾತ್ರಿ ಎರಡು ಗಂಟೆಯವರೆಗೆ ಎಲ್ಲವನ್ನೂ ಹೇಳಿದೆ. ಹಾಸ್ಯರಸವನ್ನು ತರಗತಿಯಲ್ಲಿ ಎಷ್ಟೋ ವರ್ಷ ಪಾಠಮಾಡಿದವನು ನಾನು. ಹಾಸ್ಯದ ಬಾಗಿಲಿನಿಂದಲೇ ಕರುಣ ಒಳಗೆ ಬರಬಲ್ಲದೆಂಬುದನ್ನು ಕಂಡದ್ದು ಅಂದು.

ಪ್ರತಿ ಕಾರ್ಯಕ್ರಮದ ಕೊನೆಯಲ್ಲಿ ಅಲೆನ್ ಶುಭರಾತ್ರಿ ಹೇಳಿ, ವಂದಿಸಿ, ‘ನಿಮ್ಮ ದೇವರು ನಿಮ್ಮೊಡನಿರಲಿ’ ಎಂದು ಹರಸುತ್ತಿದ್ದ. ತಾನು ನಾಸ್ತಿಕನೆಂದು ಹೇಳಿಕೊಂಡವನ ಬಾಯಲ್ಲಿ ಈ ಮಾತೇಕೆಂದು ಕೆಲವರಿಗೆ ಆಶ್ಚರ್ಯ. ಅದರ ಅರ್ಥವೆಲ್ಲ ‘ನಿಮ್ಮ’ ಎಂಬ ಪದದಲ್ಲಿದೆ. ನನ್ನ ದೇವರಲ್ಲ, ಪಾದ್ರಿ ಹೇಳಿದ ದೇವರಲ್ಲ, ನಿಮ್ಮ ದೇವರು. ‘ನಿಮ್ಮ ಮನೆದೇವರು ಯಾವುದು?’ ಎಂದು ಸಹಜವಾಗಿ ಕೇಳುವ ನಾಡಿನಿಂದ ಹೋದ ನನಗೆ ಆ ಹರಕೆ ಹೊಸದೆನಿಸಲಿಲ್ಲ. ದೇವರ ಹೆಸರಿನಲ್ಲಿ ಬಾಂಬು ಸಿಡಿಯುತ್ತಿದ್ದ ದೇಶಗಳಲ್ಲಿ ಅದು ಎಷ್ಟು ಹೊಸದಾಗಿತ್ತೆಂಬುದು ಆಮೇಲೆ ತಿಳಿಯಿತು.

ಅಂದಿನಿಂದ ಅಣ್ಣ ಪ್ರತಿ ದೂರವಾಣಿ ಮಾತುಕತೆಯನ್ನೂ ಆ ಹರಕೆಯಿಂದಲೇ ಮುಗಿಸುತ್ತಿದ್ದ. ಅವನು 2011ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ತೀರಿಕೊಂಡ. ಈ ಸಲ ಸಮಯಕ್ಕೆ ಹೋಗಲಾಗದವನು ನಾನು. ತಂದೆಯವರ ಕೈಗಡಿಯಾರವನ್ನು ಅತ್ತಿಗೆ ನನಗೇ ಕಳುಹಿಸಿಕೊಟ್ಟರು. ಮುಂದೆ ನಾನು ಕಾಲೇಜಿನಿಂದ ನಿವೃತ್ತನಾದ ದಿನ ಸಹೋದ್ಯೋಗಿಗಳು ಶಾಲು ಹೊದೆಸಿ, ಹಾರ ಹಾಕಿ, ಬಣ್ಣದ ಕಾಗದ ಸುತ್ತಿದ ಪೆಟ್ಟಿಗೆಯೊಂದನ್ನು ಕೈಗಿತ್ತರು. ಬಿಚ್ಚಿ ನೋಡಿದರೆ ಗೋಡೆಗಡಿಯಾರ. ನಾನು ಸಭೆಯಲ್ಲಿಯೇ ಗಟ್ಟಿಯಾಗಿ ನಕ್ಕುಬಿಟ್ಟೆ. ಮೇಷ್ಟರಿಗೆ ಸಂತೋಷವಾಯಿತೆಂದು ಅವರೆಲ್ಲ ಚಪ್ಪಾಳೆ ತಟ್ಟಿದರು. ನನ್ನೊಡನೆ ನಗಬೇಕಾಗಿದ್ದವನೊಬ್ಬ ಅಲ್ಲಿರಲಿಲ್ಲ.

ನಗೆಗಾರನೊಬ್ಬನನ್ನು ನೆನೆಯುವುದೆಂದರೆ ಅವನ ಮಾತಿಗೆ ನಮ್ಮ ಪಕ್ಕದಲ್ಲಿ ಕುಳಿತು ಯಾರು ನಕ್ಕಿದ್ದರೆಂಬುದನ್ನು ನೆನೆಯುವುದು. ನಾನು ಅಲೆನ್‌ನನ್ನು ಮರೆಯದಿರುವ ಕಾರಣ ಇದು.

ಗೋಡೆಯ ಮೇಲಿನ ಆ ಗಡಿಯಾರ ನನಗೆ ಕೊಟ್ಟ ಹೊತ್ತು ಮುಗಿಯಿತೆಂದು ಹೇಳುತ್ತಿದೆ. ಕೇಳುಗರೇ, ನಿಮ್ಮ ದೇವರು ನಿಮ್ಮೊಡನಿರಲಿ.

(ಆಕಾಶವಾಣಿಯ ಕೃಪೆಯಿಂದ)